ನಾಲ್ಕನೇ ಬೆಡ್ಡಿನ ನಮ್ಮವರು

ಹುಮನಾಬಾದ
6 ಜೂನ್ 2005

ಗೋದಾವರಿ,

ಈ ಚೀಟಿ ತಂದವಳು ಬಂಡೆಮ್ಮ. ನಮ್ಮವಳು. ಹದಿನೈದು ದಿನದಿಂದ ಹೊಟ್ಟೆನೋವು, ಇಲ್ಲಿಯ ಗುಳಿಗೆಗೆ ಬಗ್ಗಿಲ್ಲ. ತೆಲುಗು ಬರುವುದಿಲ್ಲ, ಹಿಂದಿಯೂ ಅಷ್ಟಕ್ಕಷ್ಟೆ. ನೀನೇ ಮುಂದೆ ನಿಂತು ಡಾಕ್ಟರಿಗೆ ತೋರಿಸು. ಉಳಿದದ್ದು ಅಂಚೆಯಲ್ಲಿ ಬರೆಯುತ್ತೇನೆ.

ಸಿದ್ದರಾಮಪ್ಪ, ನಿವೃತ್ತ ಕಂಪೌಂಡರ್


ಹೈದರಾಬಾದ್
12 ಜೂನ್ 2005

ಪೂಜ್ಯ ಸಿದ್ದರಾಮಪ್ಪ ಕಾಕಾ ಅವರಿಗೆ ಗೋದಾವರಿಯ ನಮಸ್ಕಾರ.

ಬಂಡೆಮ್ಮನಿಗೆ ಪಿತ್ತಕೋಶದಲ್ಲಿ ಹರಳು ಇದೆ. ಆಪರೇಷನ್ನಿಗೆ ದಿನ ಗೊತ್ತು ಮಾಡಿಸಿದ್ದೇನೆ, ಚಿಂತೆ ಬೇಡ. ನಿಮ್ಮ ಚೀಟಿ ಕೈಗೆ ಬರುವ ಮೊದಲೇ ಅವಳು ನಿಮ್ಮ ಕಡೆಯವಳೆಂದು ಗೊತ್ತಾಗಿತ್ತು. ನೀವು ಕಳಿಸಿದವರೆಲ್ಲ ಒಂದೇ ತರಹ ಬರುತ್ತಾರೆ ಕಾಕಾ. ಟೋಕನ್ ತೆಗೆದುಕೊಳ್ಳುವುದಿಲ್ಲ, ಕುರ್ಚಿಯಲ್ಲಿ ಕೂಡುವುದಿಲ್ಲ. ಎಮರ್ಜೆನ್ಸಿಯ ಗಾಜಿನ ಬಾಗಿಲಿಗೆ ಮುಖ ಹಚ್ಚಿ ನಿಂತು, ಬಿಳಿ ಬಟ್ಟೆ ಹಾಕಿದವರಿಗೆಲ್ಲ ಚೀಟಿ ತೋರಿಸುತ್ತಾರೆ. ಬಾಗಿಲಲ್ಲಿರುವ ಸೆಕ್ಯುರಿಟಿಯವನಿಗೆ ಕನ್ನಡ ಓದಲು ಬಾರದು, ಆದರೆ ನಿಮ್ಮ ಹಸಿರು ಶಾಯಿಯ ಗುರುತು ಹತ್ತಿದೆ. ಅದನ್ನು ಕಂಡ ಕೂಡಲೇ ಒಳಗೆ ಬಂದು ಕನ್ನಡ ಸಿಸ್ಟರ್, ನಿಮ್ಮ ಊರಿನವರು ಬಂದಿದ್ದಾರೆ ಎಂದು ಕೂಗುತ್ತಾನೆ. ಇಲ್ಲಿ ನನ್ನ ಹೆಸರೇ ಕನ್ನಡ ಸಿಸ್ಟರ್ ಎಂದಾಗಿದೆ. ನಾನು ಗೋದಾವರಿಯೆಂದು ಗೊತ್ತಿರುವವರು ಡ್ಯೂಟಿ ಪಟ್ಟಿ ಬರೆಯುವವರು ಮಾತ್ರ.

ಪಟ್ಟಿ ಎಂದಾಗ ನೆನಪಾಯಿತು. ಏಪ್ರಿಲ್‌ನಲ್ಲಿ ನಾವು ಒಂದು ಪಾಳಿಗೆ ಐದು ಮಂದಿ ನರ್ಸುಗಳಿದ್ದೆವು, ಈಗ ಮೂವರು. ಬೆಡ್ಡುಗಳು ಮಾತ್ರ ಆಗಿನ ಹದಿನಾಲ್ಕೇ. ಒಬ್ಬಳು ಮಸ್ಕತ್ತಿಗೆ ಹೋದಳು. ಇನ್ನೊಬ್ಬಳು ಅಮೀರ್‌ಪೇಟ್‌ನಲ್ಲಿ ಆರು ತಿಂಗಳ ಕೋರ್ಸ್ ಮುಗಿಸಿ, ಅಮೆರಿಕದ ಡಾಕ್ಟರುಗಳು ಹೇಳಿದ್ದನ್ನು ಕಿವಿಯಲ್ಲಿ ಕೇಳಿ ಟೈಪ್ ಮಾಡುವ ಕಂಪನಿಗೆ ಸೇರಿದಳು. ಅಲ್ಲಿ ಎ.ಸಿ. ಇದೆಯಂತೆ, ಕೂಡಲು ಕುರ್ಚಿ ಇದೆಯಂತೆ, ಮೈಮೇಲೆ ಯಾರೂ ವಾಂತಿ ಮಾಡುವುದಿಲ್ಲವಂತೆ. ನಮ್ಮ ಆಸ್ಪತ್ರೆಯವರು ಹೈಟೆಕ್ ಸಿಟಿಯ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡಿದ್ದಾರೆ. ಆ ಕಂಪನಿಯ ಕಾರ್ಡು ತಂದವರಿಗೆ ಹತ್ತು ನಿಮಿಷದೊಳಗೆ ಬೆಡ್ ಸಿಗಬೇಕು. ಅದನ್ನು ನೋಡಿಕೊಳ್ಳಲಿಕ್ಕೆ ಟೈ ಕಟ್ಟಿದ ಒಬ್ಬರನ್ನು ನೇಮಿಸಿದ್ದಾರೆ, ನರ್ಸನ್ನು ನೇಮಿಸಿಲ್ಲ.

ನಿಮ್ಮವರು ಬಂದರೆ ನನಗೆ ತೊಂದರೆಯೇನೂ ಇಲ್ಲ. ಬೆಳಗಿನಿಂದ ತೆಲುಗು, ಹಿಂದಿ ಕೇಳಿ ತಲೆ ಭಾರವಾದಾಗ, ಯಾರಾದರೂ "ಏನವ್ವಾ, ಆರಾಮ ಅದಿಯೇನು" ಎಂದರೆ ಅರ್ಧ ದಣಿವು ಇಳಿಯುತ್ತದೆ. ಕಾಕುಗೆ ಮಂಡಿನೋವು ಹೇಗಿದೆ?

ನಿಮ್ಮ
ಗೋದಾವರಿ


ಹುಮನಾಬಾದ
27 ಜೂನ್ 2005

ಚಿ. ಗೋದಾವರಿಗೆ ಸಿದ್ದರಾಮಪ್ಪನ ಆಶೀರ್ವಾದ.

ನಿನ್ನ ಪತ್ರವನ್ನು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಓದಿ ಹೇಳಿದೆ. ಏಳೆಂಟು ಮಂದಿ ಇದ್ದರು. ಸೆಕ್ಯುರಿಟಿಯವನಿಗೂ ನನ್ನ ಅಕ್ಷರದ ಗುರುತು ಇದೆ ಎಂಬುದನ್ನು ಎರಡು ಸಲ ಓದಿಸಿದರು. ವಾಂತಿಯ ಮಾತು ಬಿಟ್ಟು ಓದಿದೆ, ಅವರು ಆಗ ಚಹಾ ಕುಡಿಯುತ್ತಿದ್ದರು. ಬಂಡೆಮ್ಮ ಬಂದಾಗಿನಿಂದ ಮನೆಮನೆಗೆ ನಿನ್ನ ಸುದ್ದಿ ಮುಟ್ಟಿದೆ. ರಿಟೈರ್ ಆದ ಮೇಲೆ ನನ್ನನ್ನು ಕೇಳಿಕೊಂಡು ಬರುವವರು ಕಡಿಮೆಯಾಗಿದ್ದರು. ಈಗ ಬೆಳಗಾದರೆ ಮಂದಿ. ನಿನ್ನ ಕಾಕು ಚಹಾ ಕಾಯಿಸಿ ಕಾಯಿಸಿ ಬೇಸತ್ತಿದ್ದಾಳೆ. ಮಂಡಿನೋವು ಅದರಿಂದಲೇ ಹೆಚ್ಚಾಗಿದೆ ಎಂದು ನನ್ನ ಮೇಲೆ ಹಾಕುತ್ತಾಳೆ.

ಮೂವರೇ ನರ್ಸುಗಳು ಎಂದು ಬರೆದಿದ್ದಿ. ನಮ್ಮ ತಾಲೂಕು ಆಸ್ಪತ್ರೆಯಲ್ಲಿ ನಾನೊಬ್ಬನೇ ಕಂಪೌಂಡರ್ ಇದ್ದದ್ದು ನಿನಗೆ ಗೊತ್ತು. ಕಿಟಕಿಯ ಹೊರಗೆ ಐವತ್ತು ಮಂದಿ. ಒಬ್ಬರ ಮಾತು ಕೇಳುತ್ತ ಇನ್ನೊಬ್ಬರ ಔಷಧ ಅಳೆಯುತ್ತಿದ್ದೆ. ಮೂವತ್ತೊಂದು ವರ್ಷದಲ್ಲಿ ಒಂದು ಬಾಟಲಿಯೂ ಅದಲುಬದಲಾಗಲಿಲ್ಲ. ಕೈಗೆ ರೂಢಿಯಾದರೆ ತಲೆ ಬೇರೆ ಕಡೆ ಇದ್ದರೂ ಕೆಲಸ ನಡೆಯುತ್ತದೆ. ನಿನಗೂ ಆಗುತ್ತದೆ. ಬರುವ ವಾರ ಮೂರು ನಾಲ್ಕು ಮಂದಿ ಬರುವವರಿದ್ದಾರೆ. ಎಲ್ಲರೂ ನಮ್ಮವರೇ.

ಸಿದ್ದರಾಮಪ್ಪ


ಹೈದರಾಬಾದ್
9 ಜುಲೈ 2005

ಕಾಕಾ ಅವರಿಗೆ ನಮಸ್ಕಾರ.

ಹೋದ ವಾರ ನಾಲ್ವರು ಬಂದಿದ್ದರು. ಎಲ್ಲರಿಗೂ ತೋರಿಸಿ ಕಳಿಸಿದ್ದೇನೆ.

ನಿನ್ನೆ ನಾನೊಂದು ಲೆಕ್ಕ ಇಟ್ಟೆ. ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ, ಕೈಯಲ್ಲಿ ಹಿಡಿದ ಕೆಲಸ ಬಿಡಿಸಿ ಯಾರು ಕರೆದರೂ ಮಣಿಕಟ್ಟಿನ ಮೇಲೆ ಪೆನ್ನಿನಿಂದ ಒಂದು ಗೀಟು ಎಳೆದುಕೊಂಡೆ. ಒಂದು ತಾಸಿಗೆ ಇಪ್ಪತ್ಮೂರು ಗೀಟು. ರಕ್ತನಿಧಿಯ ಫೋನು, ಎಕ್ಸ್‌ರೇಯವರ ಫೋನು, ಟೈ ಕಟ್ಟಿದವರು ಕಾರ್ಡಿನವರ ಫೈಲು ಎಲ್ಲಿ ಎಂದದ್ದು, ಒಬ್ಬಜ್ಜಿ ಬಚ್ಚಲು ಎಲ್ಲಿ ಎಂದದ್ದು, ಡಾಕ್ಟರು ಆ ತುದಿಯಿಂದ ಕೂಗಿ ಹೇಳಿದ ಔಷಧ, ಇದರ ನಡುವೆ ನಿಮ್ಮ ಹಸಿರು ಶಾಯಿ. ಒಂದು ಸೂಜಿಮದ್ದು ತುಂಬಿ ಕೊಡಲು ಎರಡು ನಿಮಿಷ ಸಾಕು. ನಿನ್ನೆ ಒಂದಕ್ಕೆ ಹನ್ನೊಂದು ನಿಮಿಷ ಹಿಡಿಯಿತು. ಹೊತ್ತು ಹೋದದ್ದಕ್ಕೆ ನನಗೆ ಚಿಂತೆಯಿಲ್ಲ. ಪ್ರತಿ ಸಲ ತಿರುಗಿ ಬಂದಾಗ ಎಲ್ಲಿಗೆ ಬಿಟ್ಟಿದ್ದೆ ಎಂಬುದು ಕೈಗೆ ನೆನಪಿರುತ್ತದೆ, ತಲೆಗೆ ಇರುವುದಿಲ್ಲ. ನೀವು ರೂಢಿ ಎಂದು ಬರೆದಿರಿ. ನನಗೆ ಆ ರೂಢಿಯದೇ ಅಂಜಿಕೆ.

ಒಂದು ಮಾತು ಕೇಳಲೇ? ಒಂದು ತಿಂಗಳ ಮಟ್ಟಿಗೆ ಯಾರನ್ನೂ ಕಳಿಸಬೇಡಿ. ಜೀವಕ್ಕೆ ತುರ್ತಿದ್ದವರು ಬರಲಿ. ಉಳಿದವರು ಮುಂದಿನ ಕಟ್ಟಡದಲ್ಲಿ ಟೋಕನ್ ತೆಗೆದುಕೊಂಡು ಕೂಡಲಿ, ನನ್ನ ಡ್ಯೂಟಿ ಎರಡಕ್ಕೆ ಮುಗಿದ ಮೇಲೆ ನಾನೇ ಬಂದು ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ. ನೀವು ಬೇರೆ ತಿಳಿಯಬಾರದು.

ನಿಮ್ಮ
ಗೋದಾವರಿ


ಹುಮನಾಬಾದ
20 ಜುಲೈ 2005

ಗೋದಾವರಿಗೆ ಆಶೀರ್ವಾದ.

ಈ ಸಲದ ಪತ್ರವನ್ನು ಕಟ್ಟೆಯ ಮೇಲೆ ಓದಲಿಲ್ಲ.

ನಿನ್ನ ಅಪ್ಪ ತೀರಿಕೊಂಡಾಗ ನಿನ್ನ ನರ್ಸಿಂಗ್ ಫಾರ್ಮು ಹಿಡಿದುಕೊಂಡು ಗುಲಬರ್ಗಾಕ್ಕೆ ನಾಲ್ಕು ಸಲ ಹೋದವನು ನಾನು. ಅಲ್ಲಿಯ ಆಫೀಸಿನವರಿಗೂ ನಾನು ಬಂದದ್ದು ಅಡ್ಡಿಯೇ ಆಗಿತ್ತು. ಆಡಿ ತೋರಿಸಲು ಬರೆಯುತ್ತಿಲ್ಲ. ದೊಡ್ಡ ಊರಿಗೆ ಹೋದವರು ಮೊದಲು ಕಲಿಯುವುದು ಗಡಿಯಾರ ನೋಡುವುದನ್ನು ಎಂದು ಕಾಣುತ್ತದೆ. ನಾವು ಇಲ್ಲಿ ಗೀಟು ಎಳೆದುಕೊಳ್ಳುವುದಿಲ್ಲ.

ಇಬ್ಬರಿಗೆ ಮೊದಲೇ ಮಾತು ಕೊಟ್ಟಾಗಿದೆ. ಬರುವ ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತಾರೆ. ಒಬ್ಬ ಗುರುಬಸವ, ಎಣ್ಣೆಯ ಗಾಣದವನು. ಸಕ್ಕರೆ ಕಾಯಿಲೆ ಏರಿದೆ, ಕಾಲಿನ ಬೆರಳು ಕಪ್ಪಾಗಿದೆ. ಅವನದು ನೀನು ಹೇಳಿದ ತುರ್ತಿನ ಲೆಕ್ಕಕ್ಕೆ ಬರುತ್ತದೆ. ಇನ್ನೊಬ್ಬ ಮೋಹನ ಮಾಸ್ತರ. ಅವನಿಗೆ ರೋಗವೇನೂ ಇಲ್ಲ. ಮಗಳು ಕಾವ್ಯಾಳನ್ನು ಅಮೀರ್‌ಪೇಟ್‌ನಲ್ಲಿ ಕಂಪ್ಯೂಟರ್ ಕೋರ್ಸಿಗೆ ಹಾಕಬೇಕೆಂದಿದ್ದಾನೆ, ನಿನ್ನನ್ನು ಎರಡು ಮಾತು ಕೇಳುತ್ತಾನೆ. ಎರಡೇ ಮಾತು. ಇದಾದ ಮೇಲೆ ನೀನು ಬೇಡವೆಂದರೆ ಬೇಡ.

ಸಿದ್ದರಾಮಪ್ಪ


ಹುಮನಾಬಾದ
8 ಆಗಸ್ಟ್ 2005

ಚಿ. ಗೋದಾವರಿಗೆ ಅನೇಕ ಆಶೀರ್ವಾದ.

ಹೋದ ಪತ್ರದಲ್ಲಿ ನಾನು ಸ್ವಲ್ಪ ಗಡಸಾಗಿ ಬರೆದೆ. ನಿನ್ನ ಕಾಕು ಬೈದಳು. ಅದನ್ನು ಮನಸ್ಸಿನಿಂದ ತೆಗೆದುಹಾಕು. ನೀನು ನನ್ನ ಮಾತು ಉಳಿಸಿದ್ದಿ. ಮೋಹನ ಮಾಸ್ತರ ಬಂದವನೇ ನಿನ್ನನ್ನು ಹೊಗಳಿದ್ದೇ ಹೊಗಳಿದ್ದು. ಒಳಗೆ ಅಷ್ಟು ಗದ್ದಲ ಇದ್ದರೂ, ಕೈಯಲ್ಲಿ ಔಷಧದ ಟ್ರೇ ಹಿಡಿದುಕೊಂಡೇ ಬಾಗಿಲಿಗೆ ಬಂದು, ಯಾವ ಹಾಸ್ಟೆಲ್ಲಿನಲ್ಲಿ ಊಟ ಚೆನ್ನ, ಯಾವ ಕೋರ್ಸಿಗೆ ಕೆಲಸ ಸಿಗುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದೆಯಂತೆ. ಹತ್ತು ನಿಮಿಷ ನಿಂತಿದ್ದಳು, ಮುಖದ ಮೇಲೆ ಒಂದು ಗೆರೆ ಬೇಸರ ಇರಲಿಲ್ಲ ಎಂದು ಕಟ್ಟೆಯ ಮೇಲೆ ಎಲ್ಲರಿಗೂ ಹೇಳಿದ. ನನಗೆ ಊಟ ಮಾಡಿದಷ್ಟು ಸಮಾಧಾನವಾಯಿತು.

ಗುರುಬಸವ ಇನ್ನೂ ಅಲ್ಲೇ ವಾರ್ಡಿನಲ್ಲಿದ್ದಾನೆಂದು ತಿಳಿಯಿತು. ಎರಡು ವಾರವಾಯಿತು, ನಿನ್ನದು ಒಂದು ಸಾಲೂ ಇಲ್ಲ. ಸಿಟ್ಟಾಗಿದ್ದಿಯೇನು?

ಸಿದ್ದರಾಮಪ್ಪ


ಹೈದರಾಬಾದ್
14 ಆಗಸ್ಟ್ 2005

ಕಾಕಾ,

ಸಿಟ್ಟೇನಿಲ್ಲ. ಗುರುಬಸವ ಅವರ ಒಂದು ಬೆರಳು ತೆಗೆದಿದ್ದಾರೆ, ಕಾಲು ಉಳಿದಿದೆ. ಈ ವಾರ ಊರಿಗೆ ಬರುತ್ತಾರೆ. ನಾನೀಗ ಎಮರ್ಜೆನ್ಸಿಯಲ್ಲಿಲ್ಲ. ನಾಲ್ಕನೇ ಮಹಡಿಗೆ ಹಾಕಿದ್ದಾರೆ, ಅಲ್ಲಿ ಕೆಲಸ ಕಡಿಮೆ. ಇಲ್ಲಿಗೆ ಯಾರನ್ನೂ ಕಳಿಸಬೇಡಿ, ಕಳಿಸಿದರೆ ನಾನು ಸಿಗುವುದಿಲ್ಲ. ಮಾಸ್ತರರ ಮಗಳಿಗೆ ಸೀಟು ಸಿಕ್ಕಿತೇ?

ಗೋದಾವರಿ


ಹುಮನಾಬಾದ
23 ಆಗಸ್ಟ್ 2005

ಚಿ. ಗೋದಾವರಿಗೆ ಆಶೀರ್ವಾದ.

ನಾಲ್ಕನೇ ಮಹಡಿಗೆ ಹೋದದ್ದು ಒಳ್ಳೆಯದಾಯಿತು. ಕಟ್ಟೆಯ ಮೇಲೆ ಎಲ್ಲರೂ ಅದನ್ನು ಬಡ್ತಿ ಎಂದೇ ತಿಳಿದಿದ್ದಾರೆ, ನಾನು ಅಲ್ಲವೆನ್ನಲಿಲ್ಲ. ಪೇಡೆ ಹಂಚಿದೆ. ಕಾವ್ಯಾಳಿಗೆ ಸೀಟು ಸಿಕ್ಕಿತು, ನೀನು ಹೇಳಿದ ಹಾಸ್ಟೆಲ್ಲೇ.

ಗುರುಬಸವ ಮನೆಗೆ ಬಂದಿದ್ದಾನೆ. ಕೋಲು ಹಿಡಿದು ನಡೆಯುತ್ತಾನೆ. ಏನೋ ಒಂದು ಮಾತು ಹೇಳಿದ, ನನಗೆ ಸರಿಯಾಗಿ ತಿಳಿಯಲಿಲ್ಲ. ನೀನು ಬರೆದರೆ ತಿಳಿದುಕೊಳ್ಳುತ್ತೇನೆ. ಬರೆಯಲೇಬೇಕೆಂದಿಲ್ಲ.

ಸಿದ್ದರಾಮಪ್ಪ


ಹೈದರಾಬಾದ್
4 ಸೆಪ್ಟೆಂಬರ್ 2005

ಕಾಕಾ,

ಇದನ್ನು ಮೂರು ಸಲ ಬರೆದು ಹರಿದಿದ್ದೇನೆ. ಈ ಸಲ ಹರಿಯುವುದಿಲ್ಲ. ನಾಲ್ಕನೇ ಮಹಡಿಯಲ್ಲಿ ನಾನು ಹಾಸಿಗೆಯ ಚಾದರು ಎಣಿಸುತ್ತೇನೆ. ರೋಗಿಗಳನ್ನು ಮುಟ್ಟುವ ಹಾಗಿಲ್ಲ. ಪೇಡೆ ಹಂಚುವ ಕೆಲಸ ಅದಲ್ಲ.

ಜುಲೈ ಇಪ್ಪತ್ತೈದು, ಸೋಮವಾರ. ಮೂವರಲ್ಲಿ ಒಬ್ಬಳು ಜ್ವರವೆಂದು ಬಂದಿರಲಿಲ್ಲ. ಇಬ್ಬರೇ ಇದ್ದೆವು. ಗುರುಬಸವ ಅವರು ಒಂಬತ್ತೂವರೆಗೆ ಬಂದರು, ನಾಲ್ಕನೇ ಬೆಡ್ಡಿನಲ್ಲಿ ಮಲಗಿಸಿದ್ದರು. ಚೀಟಿ ಮಾತ್ರ ನನ್ನ ಕೈಗೆ ಬಂತು. ಮುಖ ನೋಡಲೂ ಪುರಸೊತ್ತಾಗಲಿಲ್ಲ, ದೂರದಿಂದಲೇ ಕೈ ಎತ್ತಿದೆ. ಅವರ ಸಕ್ಕರೆ ನಾಲ್ಕುನೂರು ದಾಟಿತ್ತು. ಡ್ಯೂಟಿ ಡಾಕ್ಟರು ತರುಣ, ಇಪ್ಪತ್ತಾರು ವರ್ಷದವರು, ಹಿಂದಿನ ದಿನ ಬೆಳಿಗ್ಗೆಯಿಂದ ಮನೆಗೆ ಹೋಗಿರಲಿಲ್ಲ. ಬೈಕಿನಿಂದ ಬಿದ್ದವನೊಬ್ಬನ ಎದೆ ಒತ್ತುತ್ತಲೇ ಅಲ್ಲಿಂದ ನನಗೆ ಕೂಗಿ ಹೇಳಿದರು, ನಾಲ್ಕನೇ ಬೆಡ್ಡು, ಇನ್ಸುಲಿನ್ ಹತ್ತು ಯೂನಿಟ್ಟು ಎಂದು. ಬರೆದುಕೊಳ್ಳಲು ಕೈಗೆ ಸಿಕ್ಕಿದ್ದು ನಿಮ್ಮ ಚೀಟಿ. ಅದರ ಹಿಂದೆ ಬರೆದುಕೊಂಡೆ. ಸಿರಿಂಜಿಗೆ ತುಂಬಿದೆ.

ತುಂಬಿದ ಮೇಲೆ ಫೋನು ಬಂತು. ಆಮೇಲೆ ಟೈ ಕಟ್ಟಿದವರು ಬಂದು ಕಾರ್ಡಿನ ರೋಗಿಯೊಬ್ಬರು ಬಂದು ಎಂಟು ನಿಮಿಷವಾಯಿತು, ಬೆಡ್ ಎಲ್ಲಿ ಎಂದರು. ನೋಡಿಕೊಳ್ಳಿ ಎಂದೆ. ಆಗಲೇ ಸೆಕ್ಯುರಿಟಿಯವನು ಕೂಗಿದ. ಮೋಹನ ಮಾಸ್ತರರು ಬಾಗಿಲಲ್ಲಿದ್ದರು. ತುಂಬಿದ ಸಿರಿಂಜನ್ನು ಬಿಟ್ಟು ಹೋಗಬಾರದೆಂದು ಟ್ರೇ ಹಿಡಿದುಕೊಂಡೇ ಹೋದೆ. ಕೋರ್ಸಿನಲ್ಲಿ ಜಾವಾ ಒಳ್ಳೆಯದೋ ಒರಾಕಲ್ ಒಳ್ಳೆಯದೋ ಎಂದು ಕೇಳಿದರು. ಹಾಸ್ಟೆಲ್ಲಿನಲ್ಲಿ ಜೋಳದ ರೊಟ್ಟಿ ಸಿಗುತ್ತದೆಯೋ ಎಂದು ಕೇಳಿದರು. ಸುಳ್ಳು ಹೇಳುವುದಿಲ್ಲ ಕಾಕಾ, ನನಗೆ ಬೇಸರವಾಗಿರಲಿಲ್ಲ. ಹಿತವಾಗಿತ್ತು. ಆ ಬೆಳಿಗ್ಗೆ ನಾನು ಒಂದು ಕಡೆ ನಿಂತು ಉಸಿರು ಬಿಟ್ಟದ್ದು ಅಷ್ಟೇ ಹೊತ್ತು. ಅವರು ಕೇಳಿದ್ದಕ್ಕಿಂತ ಹೆಚ್ಚು ನಾನೇ ಮಾತಾಡಿದೆ.

ಅಷ್ಟರಲ್ಲಿ ಗುರುಬಸವ ಅವರನ್ನು ಕಾಲಿನ ಎಕ್ಸ್‌ರೇಗೆ ಒಯ್ದಿದ್ದರು. ಖಾಲಿ ಬೆಡ್ ಕಂಡಿತೆಂದು ಟೈ ಕಟ್ಟಿದವರು ತಮ್ಮ ಕಾರ್ಡಿನ ರೋಗಿಯನ್ನು ಅಲ್ಲಿ ಮಲಗಿಸಿದ್ದರು. ದತ್ತಾತ್ರೇಯ ಎಂದು ಹೆಸರು, ಅರವತ್ತೆರಡು ವರ್ಷ, ಕುಷಾಯಿಗೂಡದವರು. ಕಾರ್ಡು ಮಗಳು ಪೂರ್ವಿಯ ಸಾಫ್ಟ್‌ವೇರ್ ಕಂಪನಿಯದು. ವಾಂತಿ, ತಲೆಸುತ್ತು ಎಂದು ಬಂದವರು. ಸಕ್ಕರೆ ಕಾಯಿಲೆ ಇಲ್ಲ. ಇದು ಯಾವುದೂ ಆಗ ನನಗೆ ಗೊತ್ತಿರಲಿಲ್ಲ.

ನಾನು ಬಂದೆ. ಗುರುಬಸವ ಅವರ ವಯಸ್ಸಿನವರೇ ಒಬ್ಬರು ಕಣ್ಣಿನ ಮೇಲೆ ಟವೆಲ್ ಹಾಕಿಕೊಂಡು ಮಲಗಿದ್ದರು. ಹೆಸರು ಕೇಳಬೇಕು, ಫೈಲು ನೋಡಬೇಕು, ಆಮೇಲೆ ಸೂಜಿ. ಇದು ನೀವೇ ನನಗೆ ಮೊದಲು ಹೇಳಿಕೊಟ್ಟದ್ದು. ನಾನು ಕೇಳಿದ್ದು ಬೇರೆ.

"ಊರಿಂದ ಬಂದೀರಲ್ರೀ? ಸಕ್ಕರಿ ಸೂಜಿ ಕೊಡತೀನ್ರಿ," ಎಂದೆ.

ಅವರು ಟವೆಲ್ ಸರಿಸಿ ನನ್ನನ್ನು ನೋಡಿ, "ಹೌದವ್ವಾ, ಕೊಡು," ಎಂದರು.

ಈ ಆಸ್ಪತ್ರೆಯಲ್ಲಿ ನನಗೆ ಕನ್ನಡದಲ್ಲಿ ಉತ್ತರ ಕೊಡುವವರು ನೀವು ಕಳಿಸಿದವರು ಮಾತ್ರ. ಎರಡು ವರ್ಷ ಹಾಗೇ ಆಗಿದೆ. ನಾಲ್ಕನೇ ಬೆಡ್ಡು, ಕನ್ನಡ, ಜೇಬಿನಲ್ಲಿ ನಿಮ್ಮ ಚೀಟಿ. ನಮ್ಮವರು ಎಂದಾದ ಮೇಲೆ ಹೆಸರು ಯಾಕೆ ಬೇಕು? ಕೊಟ್ಟೆ.

ಅವರಿಗೆ ನಿದ್ದೆ ಹತ್ತಿತು. ವಾಂತಿ ನಿಂತು ಮಲಗಿದರೆಂದು ಎಲ್ಲರೂ ಸಮಾಧಾನಪಟ್ಟುಕೊಂಡೆವು. ಒಂದೂವರೆ ತಾಸಿನ ಮೇಲೆ ಗುರುಬಸವ ಅವರನ್ನು ಎಕ್ಸ್‌ರೇಯಿಂದ ತಂದು ಒಂಬತ್ತನೇ ಬೆಡ್ಡಿಗೆ ಹಾಕಿದರು. ನಾನು ಹತ್ತಿರ ಹೋದಾಗ, ತಂಗೀ ನನಗೆ ಸೂಜಿ ಯಾವಾಗ ಕೊಡುತ್ತಿ ಎಂದು ಕೇಳಿದರು. ನಾಲ್ಕನೇ ಬೆಡ್ಡಿಗೆ ಓಡಿದೆ. ದತ್ತಾತ್ರೇಯ ಅವರ ದಿಂಬು ಬೆವರಿನಿಂದ ತೊಯ್ದಿತ್ತು, ಹಲ್ಲು ಕಚ್ಚಿತ್ತು. ತರುಣ ಡಾಕ್ಟರು ಗ್ಲೂಕೋಸ್ ಏರಿಸಿದರು. ಒಂಬತ್ತು ದಿನ ಐಸಿಯುನಲ್ಲಿದ್ದರು. ಬದುಕಿದ್ದಾರೆ. ಬಲಗೈ ಸರಿಯಾಗಿಲ್ಲ. ಮಾತು ಪೂರ್ತಿ ಬಂದಿಲ್ಲ.

ಮನೆಯವರಿಗೆ ಆಸ್ಪತ್ರೆಯವರು ಸಕ್ಕರೆ ತಾನಾಗಿಯೇ ಇಳಿಯಿತು ಎಂದು ಹೇಳಿದ್ದಾರೆ. ಅವರ ಹೆಂಡತಿ ವತ್ಸಲಾಬಾಯಿ, ಸಕ್ಕರೆ ಕಾಯಿಲೆ ಇಲ್ಲದವರಿಗೂ ಹೀಗಾಗುತ್ತದೆಯೇ ಎಂದು ನನ್ನನ್ನು ಕೇಳಿದರು. ಆಗುತ್ತದೆ ಎಂದೆ.

ಮೇಟ್ರನ್ ನನ್ನಿಂದ ಹೇಳಿಕೆ ಕೇಳಿದರು. ಆ ಸೂಜಿ ತುಂಬಿದಾಗಿನಿಂದ ಕೊಡುವವರೆಗೆ ಯಾರು ಯಾರು ಕರೆದರು, ಎಷ್ಟು ಮಂದಿ ನರ್ಸುಗಳಿದ್ದೆವು, ಬೆಡ್ ಹೇಗೆ ಬದಲಾಯಿತು, ಎಲ್ಲ ಎರಡೂವರೆ ಪುಟ ಬರೆದುಕೊಟ್ಟೆ. ನಿಮ್ಮ ಹೆಸರಾಗಲಿ ಮಾಸ್ತರರ ಹೆಸರಾಗಲಿ ಹಾಕಿಲ್ಲ, ಭೇಟಿಗೆ ಬಂದವರೊಬ್ಬರು ಎಂದಿದ್ದೇನೆ. ಮೇಟ್ರನ್ ಪೆನ್ಸಿಲ್ ತೆಗೆದುಕೊಂಡು ಕೊನೆಯ ನಾಲ್ಕು ಸಾಲು ಬಿಟ್ಟು ಉಳಿದದ್ದೆಲ್ಲ ಹೊಡೆದುಹಾಕಿದರು. ಹೆಸರು ಕೇಳದೆ ಕೊಟ್ಟೆ, ತಪ್ಪು ನನ್ನದು ಎಂಬುದಷ್ಟೇ ಉಳಿಯಿತು. ಅದು ಸುಳ್ಳಲ್ಲ. ಆದರೆ ಅಷ್ಟೇ ನಿಜವೂ ಅಲ್ಲ. ತರುಣ ಡಾಕ್ಟರು ತಾವು ಬೆಡ್ಡಿನ ಬದಲು ಹೆಸರು ಹೇಳಬೇಕಿತ್ತು ಎಂದು ನನ್ನ ಮುಂದೆ ಅತ್ತರು, ಹತ್ತು ದಿನದಲ್ಲೇ ಕೆಲಸ ಬಿಟ್ಟರು.

ಈಗ ನನಗೆ ಇರುವುದು ಒಂದೇ ಮಾತು. ದತ್ತಾತ್ರೇಯ ಅವರ ಮನೆಗೆ ಹೋಗಿ ಹೇಳಬೇಕೋ ಬೇಡವೋ. ಹೇಳಿದರೆ ಇಲ್ಲಿ ಜಾಗವಿಲ್ಲ ಎಂದು ಮೇಟ್ರನ್ ತಿಳಿಸಿದ್ದಾರೆ. ಈ ಊರಿನ ಬೇರೆ ಆಸ್ಪತ್ರೆಗಳೂ ತೆಗೆದುಕೊಳ್ಳುವುದಿಲ್ಲ. ನನಗೆ ಭಾಳ ದಣಿವಾಗಿದೆ ಕಾಕಾ. ಚಾದರು ಎಣಿಸುವಾಗಲೂ ಲೆಕ್ಕ ತಪ್ಪುತ್ತದೆ, ಅಲ್ಲಿ ಯಾರೂ ಕರೆಯುವುದಿಲ್ಲ, ಆದರೂ ತಪ್ಪುತ್ತದೆ.

ಗೋದಾವರಿ


ಹುಮನಾಬಾದ
13 ಸೆಪ್ಟೆಂಬರ್ 2005

ಗೋದಾವರಿ,

ಗುರುಬಸವ ಊರಿಗೆ ಬಂದ ದಿನವೇ ಹೇಳಿದ್ದ. ನನ್ನ ಸೂಜಿ ಇನ್ನೊಬ್ಬರಿಗೆ ಹೋಯಿತು, ಹುಡುಗಿಯನ್ನು ಮೇಲಿನ ಮಹಡಿಗೆ ಹಾಕಿದ್ದಾರೆ ಎಂದು. ಸರಿಯಾಗಿ ತಿಳಿಯಲಿಲ್ಲ ಎಂದು ನಿನಗೆ ಬರೆದೆ. ತಿಳಿದಿತ್ತು. ಪೇಡೆ ಹಂಚಿದ್ದು ತಿಳಿದ ಮೇಲೆಯೇ. ನೀನಾಗಿಯೇ ಹೇಳಲಿ ಎಂದು ಸುಮ್ಮನಿದ್ದೆ ಎಂದರೆ ಅದೂ ಸುಳ್ಳು. ನೀನು ಬಾಯಿ ಬಿಟ್ಟರೆ ಮಾಸ್ತರನ ಹೆಸರು ಬರುತ್ತದೆ, ಅದರ ಹಿಂದೆ ನನ್ನದು ಬರುತ್ತದೆ ಎಂದು ಅಂಜಿದ್ದೆ. ಹತ್ತು ನಿಮಿಷ ನಿಂತಳು ಎಂದು ಊರಿಗೆಲ್ಲ ಹೇಳಿಕೊಂಡವನು ನಾನು.

ಮೂವತ್ತೊಂದು ವರ್ಷದಲ್ಲಿ ಒಂದು ಬಾಟಲಿಯೂ ಅದಲುಬದಲಾಗಲಿಲ್ಲ ಎಂದು ಬರೆದಿದ್ದೆ. ನಿನ್ನ ಪತ್ರ ಓದಿದ ಮೇಲೆ ಎರಡು ದಿನ ಅದನ್ನೇ ಯೋಚಿಸಿದೆ. ಆದದ್ದು ನನಗೆ ತಿಳಿಯಲಿಲ್ಲ, ಅಷ್ಟೆ. ಬಾಟಲಿ ಒಯ್ದವರು ಹಳ್ಳಿಗೆ ಹೋಗಿಬಿಡುತ್ತಿದ್ದರು. ಗುಣವಾಗದೆ ಹೋದವರು ಕಿಟಕಿಗೆ ಬಂದು ಹೇಳುವುದಿಲ್ಲ.

ಚೀಟಿ ಬರೆಯುವುದನ್ನು ನಿಲ್ಲಿಸಿದ್ದೇನೆ. ಹೈದರಾಬಾದಿನಲ್ಲಿ ನನ್ನ ಮಾತು ನಡೆಯುವುದಿಲ್ಲ ಎಂದು ಕಟ್ಟೆಯ ಮೇಲೆ ಹೇಳಿಬಿಟ್ಟೆ. ಇಬ್ಬರು ನಕ್ಕರು. ಈಗ ಕೂಡಲು ಬರುವವರು ಕಡಿಮೆ. ನಿಮ್ಮ ಮೇಟ್ರನ್‌ಗೂ ಒಂದು ಪತ್ರ ಹಾಕಿದ್ದೇನೆ. ಇಂಗ್ಲಿಷಿನಲ್ಲಿ ಮೋಹನ ಬರೆದುಕೊಟ್ಟ. ಭೇಟಿಗೆ ಬಂದವರೊಬ್ಬರು ಎಂದರೆ ಯಾರು, ಎರಡು ವರ್ಷದಲ್ಲಿ ನಾನು ಎಷ್ಟು ಮಂದಿಯನ್ನು ಆ ಬಾಗಿಲಿಗೆ ಕಳಿಸಿದೆ, ಎಲ್ಲ ಅದರಲ್ಲಿದೆ. ನೂರ ನಲವತ್ತಕ್ಕೆ ಕಡಿಮೆಯಿಲ್ಲ.

ಆದರೆ ಆ ಮನೆಗೆ ಹೋಗಬೇಡ. ನಿನಗಿಂತ ಮೂವತ್ತು ವರ್ಷ ದೊಡ್ಡವನಾಗಿ ಹೇಳುತ್ತಿದ್ದೇನೆ. ಮನುಷ್ಯ ಬದುಕಿದ್ದಾನೆ. ನೀನು ಹೋಗಿ ಹೇಳಿದರೆ ಅವನ ಕೈ ಎದ್ದು ಬರುವುದಿಲ್ಲ, ನಿನ್ನ ಅನ್ನ ಹೋಗುತ್ತದೆ. ನಿನ್ನ ಮನೆ ನಿನ್ನ ಕೈಯ ಮೇಲೆ ನಡೆದಿದೆ. ಸುಮ್ಮನಿರು.

ಸಿದ್ದರಾಮಪ್ಪ


ಹೈದರಾಬಾದ್
17 ಅಕ್ಟೋಬರ್ 2005

ಕಾಕಾ,

ಒಂದು ತಿಂಗಳು ನಿಮ್ಮ ಮಾತು ಕೇಳಿ ಸುಮ್ಮನಿದ್ದೆ. ನಿಮ್ಮ ಪತ್ರ ಮೇಟ್ರನ್‌ಗೆ ಮುಟ್ಟಿತು. ಅದರ ಫಲವಾಗಿ ಎಮರ್ಜೆನ್ಸಿಯ ಬಾಗಿಲಿಗೆ ಒಂದು ಬೋರ್ಡು ಬಂದಿದೆ, ಸಿಬ್ಬಂದಿಯನ್ನು ಭೇಟಿಗೆ ಕೇಳಬಾರದು ಎಂದು ಮೂರು ಭಾಷೆಯಲ್ಲಿ. ಕನ್ನಡದಲ್ಲಿಲ್ಲ. ಒಳಗೆ ನರ್ಸುಗಳು ಮೂವರೇ. ನನ್ನ ಜಾಗಕ್ಕೆ ಈಗಷ್ಟೇ ಪಾಸಾದವಳನ್ನು ಹಾಕಿದ್ದಾರೆ. ಒಂದು ದಿನ ಲಿಫ್ಟಿನಲ್ಲಿ ಸಿಕ್ಕಳು, ಮಣಿಕಟ್ಟಿನ ತುಂಬ ಪೆನ್ನಿನಿಂದ ಬೆಡ್ ನಂಬರು, ಔಷಧ ಬರೆದುಕೊಂಡಿದ್ದಳು. ಅದರಲ್ಲಿ ಒಂದೂ ಹೆಸರಿರಲಿಲ್ಲ. ಅವಳಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಹೇಳಬೇಕಾದದ್ದನ್ನು ಹೇಳಬೇಕಾದವರಿಗೆ ಹೇಳದೆ ಇವಳಿಗೆ ಯಾವ ಬಾಯಿಂದ ಹೇಳಲಿ?

ನಿನ್ನೆ ಭಾನುವಾರ ಕುಷಾಯಿಗೂಡಕ್ಕೆ ಹೋದೆ. ಎರಡು ಬಸ್ಸು ಬದಲಿಸಬೇಕು. ಕಾರ್ಖಾನೆಯವರ ಮನೆಗಳ ಸಾಲಿನ ಹಿಂದೆ ಸಣ್ಣ ಸ್ವಂತ ಮನೆ. ವತ್ಸಲಾಬಾಯಿ ನನ್ನ ಗುರುತು ಹಿಡಿದರು, ಆಸ್ಪತ್ರೆಯ ಕನ್ನಡದವಳು ನೋಡಲು ಬಂದಿದ್ದಾಳೆ ಎಂದು ಸಂತೋಷಪಟ್ಟು ಒಳಗೆ ಕರೆದರು. ಅದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ದತ್ತಾತ್ರೇಯ ಅವರು ಕುರ್ಚಿಯಲ್ಲಿ ಕೂತಿದ್ದರು, ಬಲಗೈ ತೊಡೆಯ ಮೇಲಿತ್ತು. ಕೂಡು ಎಂದರು. ನಾನು ಕೂಡಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ, ಸಿರಿಂಜು ತುಂಬಿದ್ದರಿಂದ ಹಿಡಿದು ಸುಳ್ಳು ಹೇಳಿದ್ದರವರೆಗೆ. ಆ ಮನೆಯಲ್ಲಿ ಫೋನು ಬರಲಿಲ್ಲ, ಯಾರೂ ಕರೆಯಲಿಲ್ಲ. ಅಷ್ಟು ದಿನದಲ್ಲಿ ನಾನು ಮೊದಲಿನಿಂದ ಕೊನೆಯವರೆಗೆ ಮುಗಿಸಿದ ಕೆಲಸ ಇದೊಂದೇ.

ವತ್ಸಲಾಬಾಯಿ ಕೊನೆಯವರೆಗೆ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಅವತ್ತ ನಾ ನಿನಗ ಕೇಳಿದ್ದೆ. ಸಕ್ಕರಿ ಇಲ್ದವರಿಗೂ ಹಿಂಗ ಆಗತೈತೇನು ಅಂತ. ನೀ ಆಗತೈತಿ ಅಂದಿ."

ಹೌದು, ಅಂದಿದ್ದೆ ಎಂದೆ. ಅವರು ಎದ್ದು ಒಳಗೆ ಹೋದರು.

ದತ್ತಾತ್ರೇಯ ಅವರು ಒಂದೊಂದೇ ಶಬ್ದ ಹುಡುಕಿ ಮಾತಾಡುತ್ತಾರೆ. ನಾನು ಕಾಯುತ್ತ ನಿಂತೆ. ಗುಲಬರ್ಗಾ ಬಿಟ್ಟು ಮೂವತ್ತೈದು ವರ್ಷವಾಯಿತಂತೆ. ಮನೆ ದಾಟಿದರೆ ತೆಲುಗೇ. ನಾನು ಸಕ್ಕರೆಯ ಸೂಜಿ ಎಂದದ್ದು ಅವರಿಗೆ ಕೇಳಿಸಿತ್ತಂತೆ. ತಮಗೆ ಸಕ್ಕರೆ ಕಾಯಿಲೆ ಇಲ್ಲವೆಂಬುದೂ ಗೊತ್ತಿತ್ತಂತೆ.

"ಯಾರೋ ಕನ್ನಡದಾಗ ಕೇಳಿದ್ರು. ಛಲೋ ಅನಿಸ್ತು," ಎಂದರು. ಮತ್ತೆ ಹೇಳಿದರು: "ನಮ್ಮಾಕಿ ಕೊಡಾಕತ್ತಾಳ. ತಿಳಿದೇ ಕೊಡತಾಳ ಅಂದ್ಕೊಂಡೆ."

ಕಾಕಾ, ಅವರೂ ನನ್ನ ಹಾಗೆಯೇ ಮಾಡಿದ್ದರು. ಆಗ ನನಗೆ ಅಳು ತಡೆಯಲಾಗಲಿಲ್ಲ.

ವತ್ಸಲಾಬಾಯಿ ಹೊರಗೆ ಬಂದು, ಈಗ ಹೇಳಿದ್ದನ್ನು ಬರೆದು ಕೊಡುತ್ತೀಯಾ ಎಂದು ಕೇಳಿದರು. ಮೇಟ್ರನ್ ಪೆನ್ಸಿಲ್ಲಿನಿಂದ ಹೊಡೆದುಹಾಕುವ ಮೊದಲಿನ ಎರಡೂವರೆ ಪುಟದ ನಕಲು ನನ್ನ ಚೀಲದಲ್ಲಿತ್ತು. ಸಹಿ ಹಾಕಿ ಕೊಟ್ಟೆ. ಮಗಳು ಬಂದ ಮೇಲೆ ಮುಂದಿನದನ್ನು ಯೋಚಿಸುತ್ತೇವೆ, ಇನ್ನು ನೀನು ಹೋಗು ಎಂದರು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಇವತ್ತು ಬೆಳಿಗ್ಗೆ ನಾನೇ ಮೇಟ್ರನ್ ಹತ್ತಿರ ಹೋಗಿ ವಿಷಯ ತಿಳಿಸಿದೆ. ಗುರುತಿನ ಕಾರ್ಡು ಮೇಜಿನ ಮೇಲಿಟ್ಟು ಬಂದೆ. ಹಾಸ್ಟೆಲ್ಲು ಈ ತಿಂಗಳ ಕೊನೆಯವರೆಗೆ ಇದೆ. ಆಮೇಲೆ ಊರಿಗೆ ಬರುತ್ತೇನೆ. ಅವ್ವನಿಗೆ ನೀವು ಹೇಳಬೇಡಿ, ನಾನೇ ಹೇಳುತ್ತೇನೆ.

ನಿನ್ನೆ ನಾನು ಹೊರಡುವಾಗ ದತ್ತಾತ್ರೇಯ ಅವರು ಎಡಗೈ ಎತ್ತಿ ತಡೆದರು. ನಿನ್ನ ಹೆಸರೇನು ಎಂದು ಕೇಳಿದರು. ಹೇಳಿದೆ. ಅವರು ಅದನ್ನು ತಾವೂ ಹೇಳಲು ನೋಡಿದರು. ಮೊದಲ ಅಕ್ಷರ ಬಂತು, ಮುಂದೆ ಬರಲಿಲ್ಲ. ತುಟಿ ಒರೆಸಿಕೊಂಡು ಮತ್ತೆ ಮೊದಲಿನಿಂದ ಹಿಡಿದರು. ವತ್ಸಲಾಬಾಯಿ ಅವರ ಪರವಾಗಿ ಹೇಳಲು ಬಾಯಿ ತೆರೆದಾಗ, ಬೇಡವೆಂದು ಕೈ ಮಾಡಿದರು. ಮೂರನೇ ಸಲಕ್ಕೆ ಪೂರ್ತಿ ಬಂತು. ಅಲ್ಲಿಯವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ.

ಗೋದಾವರಿ